ಗೋಧೂಳಿ ಲಗ್ನ

ಮನುಷ್ಯನ ಸ್ವಾಧೀನದಲ್ಲಿರುವ ಭೂಮಿ ಎಷ್ಟೆಷ್ಟು ಕುಗ್ಗುತ್ತ ಬರುವುದೊ, ಕೃಷಿಯ ಮೇಲಣ ಅವನ ಅನುರಾಗ ಅಷ್ಟಷ್ಟು ಹಿಗ್ಗುತ್ತ ಹೋಗುವುದೆಂಬ ಸಿದ್ಧಾಂತವನ್ನು ಯಾವ ಅರ್ಥಶಾಸ್ತ್ರಜ್ಞನೂ ಇದುವರೆಗೆ ಮಂಡಿಸಿದಂತೆ ತೋರದು. ಮಂಡಿಸಬೇಕೆಂದು ಅಪೇಕ್ಷೆಪಡುವವರಿದ್ದರೆ ಅವರ ಪರವಾಗಿ ಸಾಕ್ಷಿ ನುಡಿಯಲು ನಾನು ಸಿದ್ಧನಿದ್ದೇನೆ. ಸೊರಬ ತಾಲ್ಲೂಕಿನ ಉಳವಿಯಲ್ಲಿ, ಹಿಂಬಾಗಿಲಿನಿಂದ ಹೊರಟ ಹಿತ್ತಿಲು ಅಡಕೆ ತೋಟದ ಬೇಲಿಗೂ, ತೋಟವು ಕಾನಿನ ಅಂಚಿಗೂ ತಾಗಿಕೊಂಡಿದ್ದ ಸಮೃದ್ಧಿಯ ನಡುವೆ ಬೆಳೆದ ನಾನು, ಒಂದು ಬದನೆಯ ಗಿಡಕ್ಕೆ ಒಂದು ತಂಬಿಗೆ ನೀರು ಹೊಯ್ದವನಲ್ಲ. ಬಸಳೆಯ ಚಪ್ಪರಕ್ಕೆ ಗೂಟ ಹುಗಿಯಲು ಕರೆದರೆ ಪರೀಕ್ಷೆ ಹತ್ತಿರ ಬಂದಿತೆಂದು ಹೇಳಿ ಅಟ್ಟ ಹತ್ತುತ್ತಿದ್ದೆ. ಅಂಥ ನಾನು, ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಏಳನೆಯ ಅಂತಸ್ತಿನಲ್ಲಿ, ಒಗೆದ ಬಟ್ಟೆ, ತುಂಬಿದ ಗ್ಯಾಸ್ ಸಿಲಿಂಡರು ಮತ್ತು ಮಗನು ವಿರಕ್ತನಾಗಿ ತೊರೆದ ಸೈಕಲ್ಲು ಎಂಬ ಮೂವರು ಪಾಲುದಾರರೊಡನೆ ಹಂಚಿಕೊಂಡ ನಾಲ್ಕಡಿ ಅಗಲದ ಬಾಲ್ಕನಿಗೆ ಒಡೆಯನಾದ ತರುವಾಯ, ಬೆಳಗ್ಗೆ ಎದ್ದೊಡನೆ ದೇವರ ಮುಖಕ್ಕಿಂತ ಮೊದಲು ಮೆಣಸಿನ ಗಿಡದ ಮುಖ ನೋಡುವ ಕೃಷಿಕನಾಗಿ ಪರಿಣಮಿಸಿದೆ.

ಮೂಲಕಾರಣ ಟೊಮೇಟೊ. ಏಷ್ಯಾ ಖಂಡದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಕೋಲಾರ ನಮ್ಮ ಮಗ್ಗುಲಲ್ಲಿಯೇ ಇದ್ದರೂ, 2023ರ ಜುಲೈ ತಿಂಗಳಿನಲ್ಲಿ ಅದರ ಧಾರಣೆ ಕಿಲೋಗೆ ನೂರು ರೂಪಾಯಿಗಳನ್ನು ದಾಟಿ ನಿಂತಾಗ, ನಮ್ಮ ಮನೆಯ ಸಾರಿನಲ್ಲಿ ಆ ಫಲವು ಮೊದಲು ವಿರಳವಾಗಿ, ಆಮೇಲೆ ಅದೃಶ್ಯವಾಗಿ, ಕಡೆಗೆ ಹುಣಿಸೆಯ ಮುಖಾಂತರ ಕೇವಲ ಸ್ಮರಣೆಯಾಗಿ ಉಳಿಯಿತು. ಕೃಷಿವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥರೂ ಅವರ ಬಳಗದವರೂ ಸೇರಿ 2011ರಲ್ಲಿ ಆರಂಭಿಸಿದ ‘ಊಟ ಫ್ರಮ್ ಯುವರ್ ತೋಟ’ ಎಂಬ ತಾರಸಿ ತೋಟಗಾರರ ಸಂತೆಯಲ್ಲಿ ಹಿಂದೆಯೇ ದೀಕ್ಷೆ ಪಡೆದು, ಅಂದಿನಿಂದ ಅಂಗಡಿಯ ಸೊಪ್ಪನ್ನು ಮುಟ್ಟದ ವ್ರತ ಹಿಡಿದಿದ್ದ ಮಿತ್ರರೊಬ್ಬರು ಆ ದುರ್ಬಲ ಗಳಿಗೆಯಲ್ಲಿ ನಮ್ಮ ಮನೆಗೆ ಬಂದರು. ಕೆಂಪು ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಇಷ್ಟು ಕಲಸಿ ಚೀಲಕ್ಕೆ ತುಂಬಿದರೆ ಉಳಿದುದನ್ನು ಪ್ರಕೃತಿ ನೋಡಿಕೊಳ್ಳುವುದೆಂದರು. ನಾರಿನ ಪುಡಿಯನ್ನು ಇಟ್ಟಿಗೆಯಾಗಿ ಒತ್ತಿ ಮಾರುತ್ತಾರೆ. ಐದು ಕಿಲೋ ತೂಕದ ಆ ಇಟ್ಟಿಗೆ ನೀರು ಕುಡಿದರೆ ಎಪ್ಪತ್ತು ಲೀಟರಿನಷ್ಟು ಉಬ್ಬುವುದೆಂದು ಹೊದಿಕೆಯ ಮೇಲೆಯೇ ಅಚ್ಚಾಗಿದ್ದಿತು; ಅಚ್ಚಾದುದನ್ನೆಲ್ಲ ನಂಬಬಾರದೆಂಬ ವಿವೇಕದಿಂದ ನಾನು ಅದನ್ನು ಸ್ನಾನದ ಮನೆಯ ಬಕೆಟ್ಟಿನಲ್ಲಿ ನೆನೆಹಾಕಿ ಮಲಗಿದೆ. ಮರುದಿನ ಬೆಳಗ್ಗೆ ಅದು ಬಕೆಟ್ಟನ್ನು ತ್ಯಜಿಸಿ ಹೊರಬಂದು ನೀರು ಹೋಗುವ ಜಾಲರಿಯ ಮೇಲೆ ಆಸೀನವಾಗಿತ್ತು. ಆ ಬೆಳಗ್ಗೆ ನನಗೂ ನನ್ನ ಹೆಂಡತಿಗೂ ನಡೆದ ಸಂವಾದವು ಸಾಹಿತ್ಯದ ವ್ಯಾಪ್ತಿಗೆ ಬರತಕ್ಕುದಲ್ಲ.

ಟೊಮೇಟೊ ಬೆಳೆಯಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಮುರುಟು ರೋಗವನ್ನು ತಡೆದುಕೊಳ್ಳುವ ಅರ್ಕಾ ರಕ್ಷಕ್ ಎಂಬ ತಳಿಯನ್ನು ಕಷ್ಟಪಟ್ಟು ಸಿದ್ಧಪಡಿಸಿ ಇಟ್ಟಿರುವಾಗ, ಫ್ರಿಜ್ಜಿನಲ್ಲಿ ಕೊಳೆತ ಹಣ್ಣನ್ನೇ ಹಿಚುಕಿ ಬಿತ್ತಿದವನಿಗೆ ಮುರುಟು ಬರದೆ ಮತ್ತೇನು ಬಂದೀತು? ಅದಿರಲಿ. ಒಂದೆರಡು ಗಿಡ ಬದುಕಿ ಹೂ ಬಿಡುವಷ್ಟರಲ್ಲಿ ಪೇಟೆಯ ಧಾರಣೆ ಕುಸಿದು, ನಮ್ಮ ಸಾರು ಮತ್ತೆ ಕೆಂಪಗಾಗಿತ್ತು. ಇಲ್ಲಿಗೆ ಯಾರಾದರೂ ನಿಲ್ಲಿಸುತ್ತಿದ್ದರು.

ನಮ್ಮ ಬಾಲ್ಕನಿಯು ಉತ್ತರಾಭಿಮುಖವಾದುದು. ಉತ್ತರ ದಿಕ್ಕು ಕುಬೇರನದೆಂದು ಹೊಗಳಿ, ಆ ಹೊಗಳಿಕೆಯ ಬೆಲೆಯನ್ನು ಚದರಡಿಯ ಲೆಕ್ಕದಲ್ಲಿ ನಮ್ಮಿಂದಲೇ ವಸೂಲು ಮಾಡಿದರೆಂಬುದು ಬೇರೆ ಮಾತು. ಕುಬೇರನು ಬಂದನೊ ಇಲ್ಲವೊ, ಸೂರ್ಯನಂತೂ ವರ್ಷದ ಬಹುಭಾಗ ಆ ಕಡೆ ತಲೆಹಾಕುವುದಿಲ್ಲ. ಬೆಂಗಳೂರು ಹದಿಮೂರನೆಯ ಅಕ್ಷಾಂಶದ ಮೇಲಿರುವುದರಿಂದ ಏಪ್ರಿಲ್ ತಿಂಗಳ ಕಡೆಯಿಂದ ಆಗಸ್ಟಿನ ಮಧ್ಯದವರೆಗೆ ಮಾತ್ರ ಅವನು ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಆ ದಿನಗಳಲ್ಲಿ ಬೆಳಗ್ಗೆ ಬಲಗಡೆಯ ಗೋಡೆಯ ಮರೆಯಿಂದಲೂ, ಸಂಜೆ ಎಡಗಡೆಯ ನೀರಿನ ಕೊಳವೆಗಳ ಸಂದಿನಿಂದಲೂ ಓರೆಯಾಗಿ ಇಣುಕುತ್ತಾನೆ. ಹೀಗೆ ಓರೆನೋಟದ ಕೃಪೆಯಲ್ಲಿ ಬದುಕಬಲ್ಲ ತರಕಾರಿ ಯಾವುದೆಂದು ನಾನು ಪಂಚಾಂಗ ನೋಡುವವರ ಗಾಂಭೀರ್ಯದಿಂದ ಚಿಂತಿಸುತ್ತಿದ್ದ ಕಾಲದಲ್ಲಿ, 2024ರ ಯುಗಾದಿಗೆಂದು ಉಳವಿಯಿಂದ ಬಂದ ನೆಂಟರೊಬ್ಬರ ಕೈಯಲ್ಲಿ ಅಮ್ಮ ಒಂದು ಕಾಗದದ ಪೊಟ್ಟಣ ಕಳುಹಿಸಿದರು. ಅದರಲ್ಲಿ ಕರಿಯ ಹೀರೆಯ ಬೀಜ. ಒಲೆಯ ಮೇಲಣ ಜಂತಿಗೆ ತೂಗುಹಾಕಿ ಹೊಗೆ ಕುಡಿಸಿದ ಒಣಗಾಯಿಯಿಂದ ಉದುರಿಸಿದವು. ಮೂಗಿಗೆ ಹಿಡಿದರೆ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಬೀಜ ಬಂದ ಕಾಲವಾದರೂ ಎಂಥದು! ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ಹಿಂದೆ ನಗರವೇ ಓಡುತ್ತಿದ್ದ ಬೇಸಗೆ ಅದು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚ್ ತಿಂಗಳಲ್ಲಿಯೇ ಆಜ್ಞೆ ಹೊರಡಿಸಿತ್ತು. ಆಜ್ಞೆ ನ್ಯಾಯವಾದದ್ದೇ. ಆದುದರಿಂದ ಅಕ್ಕಿ ತೊಳೆದ ಕಲಗಚ್ಚು, ಸೊಪ್ಪು ತೊಳೆದ ನೀರು, ಬೇಳೆ ನೆನೆಸಿದ ನೀರು ಇವುಗಳನ್ನು ಪಾತ್ರೆಗಳಲ್ಲಿ ಶೇಖರಿಸಿ, ಕತ್ತಲಾದ ಮೇಲೆ ಚೊಂಬಿನಲ್ಲಿ ಒಯ್ದು ಬುಡಕ್ಕೆ ಹೊಯ್ಯುತ್ತಿದ್ದೆ. ನಿಷಿದ್ಧವಲ್ಲದ ಈ ಕಾರ್ಯವನ್ನು ಕತ್ತಲೆಯಲ್ಲಿ ಏಕೆ ಮಾಡುತ್ತಿದ್ದೆನೆಂದರೆ, ಆರನೆಯ ಮಹಡಿಯವರ ಬಿಳಿಯ ಪಂಚೆಯ ಮೇಲೆ ಒಮ್ಮೆ ಕಲಗಚ್ಚು ತೊಟ್ಟಿಕ್ಕಿದ ಕಾರಣದಿಂದ, ನಿವಾಸಿಗಳ ಸಂಘದ ಕಾರ್ಯದರ್ಶಿಗಳು ನಮ್ಮ ಬಾಲ್ಕನಿಯನ್ನು ಕುರಿತು ವಿಶೇಷ ಆಸಕ್ತಿ ವಹಿಸಿದ್ದರು. ಸರ್ಕಾರದ ಇಲಾಖೆಯೊಂದರಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಆ ಮಹನೀಯರಿಗೆ, ಕಡತವಿಲ್ಲದ ಬದುಕು ಬರಿದೆನ್ನಿಸಿತೊ ಏನೊ, ಲಿಫ್ಟಿನ ಗೋಡೆಯನ್ನೇ ಕಡತವಾಗಿ ಮಾಡಿಕೊಂಡಿದ್ದರು. ಅಲ್ಲಿ ದಿನಕ್ಕೊಂದು ಪ್ರಕಟಣೆ. ಕುಂಡಗಳ ಭಾರದಿಂದ ಕಟ್ಟಡಕ್ಕೆ ಉಂಟಾಗಬಹುದಾದ ಅಪಾಯವನ್ನು ಕುರಿತದ್ದು ಒಂದು; ಬೇವಿನ ಹಿಂಡಿಯ ದುರ್ಗಂಧವನ್ನು ಕುರಿತದ್ದು ಇನ್ನೊಂದು; ಇವೆರಡರಲ್ಲಿಯೂ ಹೆಸರು ಹೇಳದೆ ‘ಏಳನೆಯ ಮಹಡಿಯ ಕೆಲವರು’ ಎಂದು ಸೂಚಿಸಿದ್ದು ನನ್ನೊಬ್ಬನನ್ನೇ.

ಇಷ್ಟಾದರೂ ಹೀರೆ ಹುಟ್ಟಿತು, ಸೈಕಲ್ಲನ್ನು ಅಪ್ಪಿ ಏರಿ, ಗ್ರಿಲ್ಲಿನ ಸರಳುಗಳಿಗೆ ಕುಡಿ ಸುತ್ತಿ, ಒಣಗಲು ಹಾಕಿದ ನನ್ನ ಬನಿಯನ್ನಿನ ತೋಳಿನೊಳಕ್ಕೂ ಒಂದು ಬಳ್ಳಿಯನ್ನು ಕಳುಹಿಸಿತು. ಬನಿಯನ್ನನ್ನು ಬಿಡಿಸಲು ಮನಸ್ಸು ಬಾರದೆ ನಾನು ಅದನ್ನು ಹೀರೆಗೇ ಬಿಟ್ಟುಕೊಟ್ಟೆ.

ಹೀರೆಯ ಸಂಸಾರ ವಿಚಿತ್ರವಾದುದು. ಒಂದೇ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಗಂಡುಹೂಗಳು ಗೊಂಚಲಾಗಿ ಬಹುದಿನ ಮೊದಲೇ ಬಂದು, ಮಾಡಲು ಯಾವ ಕಾರ್ಯವೂ ಇಲ್ಲದೆ ಒಂದೊಂದಾಗಿ ಅರಳಿ ಉದುರುತ್ತವೆ. ಹೆಣ್ಣುಹೂವು ಒಂಟಿಯಾಗಿ, ತಡವಾಗಿ, ಬುಡದಲ್ಲಿ ಕಿರುಬೆರಳಿನಷ್ಟು ಎಳೆಯ ಕಾಯನ್ನು ಹೊತ್ತುಕೊಂಡೇ ಬರುತ್ತದೆ. ಆ ಕಿರುಬೆರಳಿಗೆ ಆಗಲೇ ಏಣುಗಳು ಮೂಡಿರುವುದನ್ನು ಕನ್ನಡಕ ಹಾಕಿಕೊಂಡರೆ ಕಾಣಬಹುದು. ಸೌತೆ, ಹಾಗಲ, ಕುಂಬಳಗಳು ಬೆಳಗ್ಗೆ ಅರಳಿದರೆ ಹೀರೆ ಅರಳುವುದು ಸಂಜೆ ಐದರಿಂದ ಎಂಟು ಗಂಟೆಯೊಳಗೆ, ದನಕರುಗಳು ಧೂಳೆಬ್ಬಿಸುತ್ತ ಕೊಟ್ಟಿಗೆಗೆ ಮರಳುವ ಗೋಧೂಳಿಯ ಸಮಯದಲ್ಲಿ. ಉಳವಿಯಲ್ಲಿ ಈ ಲಗ್ನಕ್ಕೆ ಪುರೋಹಿತರಿಗೆ ಕೊರತೆಯಿರಲಿಲ್ಲ. ದುಂಬಿಗಳು ಬರುತ್ತಿದ್ದವು, ಇರುಳ ಪತಂಗಗಳು ಬರುತ್ತಿದ್ದವು, ಕಾನಿನ ಮರಗಳಿಂದ ಹೆಜ್ಜೇನು ಬರುತ್ತಿತ್ತು. ಹೆಜ್ಜೇನು ಬೆಳದಿಂಗಳಿನಲ್ಲಿಯೂ ಹಾರಿ ಮಕರಂದ ಕೂಡಿಸಬಲ್ಲ ಜೀವಿ. ನಮ್ಮ ಕಟ್ಟಡದಲ್ಲಿಯೂ ಹತ್ತನೆಯ ಮಹಡಿಯ ಚಾವಣಿಯಡಿಯಲ್ಲಿ ಒಂದು ಹೆಜ್ಜೇನಿನ ಹುಟ್ಟು ಇದ್ದಿತು. ಮಕ್ಕಳಿಗೆ ಅಪಾಯವೆಂದು ಕಾರ್ಯದರ್ಶಿಗಳು ಏಪ್ರಿಲ್ ತಿಂಗಳಲ್ಲಿ ಔಷಧ ಹೊಡೆಯುವವರನ್ನು ಕರೆಸಿದರು. ಮರುದಿನ ಕಾರುಗಳ ಮೇಲೆಲ್ಲ ಸತ್ತ ನೊಣಗಳು. ಕಾರು ತೊಳೆಯುವುದಕ್ಕೂ ದಂಡವಿದ್ದ ಕಾಲವಾದುದರಿಂದ ಅವುಗಳನ್ನು ಪೊರಕೆಯಿಂದ ಗುಡಿಸಿದರು. ಪೊರಕೆಗೆ ಸಿಕ್ಕ ಆ ರಾಶಿಯನ್ನು ನಾನು ಕಂಡೆ, ಕಂಡು ಸುಮ್ಮನೆ ಆಫೀಸಿಗೆ ಹೋದೆ.

ಈಗ ಪ್ರಕೃತ ಘಟನೆಗೆ ಬರುತ್ತೇನೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯ ಮಟ್ಟಿಗೆ ಶತಮಾನಕ್ಕೂ ಹಿಂದಿನ ದಾಖಲೆಯನ್ನು ಮುರಿಯಿತು. ನೂರಾರು ಮರಗಳು ಉರುಳಿದ ಆ ರಾತ್ರಿ, ನನ್ನ ಹೀರೆಯ ಗಂಡುಹೂವಿನ ಗೊಂಚಲುಗಳೂ ಒಂದುಳಿಯದಂತೆ ಹರಿದುಹೋದುವು. ಇದನ್ನು ಪತ್ರಿಕೆಗಳು ವರದಿ ಮಾಡಲಿಲ್ಲ. ಮರುದಿನ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ: ಬನಿಯನ್ನಿನ ತೋಳಿನೊಳಗಿಂದ ಹೊರಬಂದ ಕುಡಿಯಲ್ಲಿ, ಆ ಬಳ್ಳಿಯ ಪ್ರಥಮವೂ ಏಕೈಕವೂ ಆದ ಹೆಣ್ಣುಹೂವು ಹಳದಿಯ ಎಸಳುಗಳನ್ನು ಬಿಚ್ಚುತ್ತಿದೆ. ವಧು ಸಿದ್ಧಳಾಗಿದ್ದಾಳೆ, ಲಗ್ನ ಸಮೀಪಿಸಿದೆ, ವರನಿಲ್ಲ. ಇದನ್ನು ಹೆಂಡತಿಗೆ ತಿಳಿಸಲಾಗಿ ಅವಳು ಮೊಬೈಲಿನಿಂದ ಕಣ್ಣೆತ್ತದೆ, “ಗೇಟಿನ ಹತ್ತಿರ ವಾಚ್‌ಮನ್ ಮನೆಯವರು ಹಾಕಿದಾರಲ್ಲ, ಹೋಗಿ ಕೇಳಿ” ಎಂದಳು.

ಕಂಡಿರಲೇ ಇಲ್ಲ! ನಿತ್ಯವೂ ಅದೇ ಗೇಟಿನಲ್ಲಿ ಹೋಗಿ ಬರುವ ನಾನು, ಜನರೇಟರಿನ ಕೋಣೆಯ ಹಿಂದೆ, ಬಣ್ಣದ ಖಾಲಿ ಡಬ್ಬಿಯೊಂದರಿಂದ ಎದ್ದು ಕಾಂಪೌಂಡ್ ಗೋಡೆಯನ್ನೂ ಮುಳ್ಳುತಂತಿಯನ್ನೂ ಆಕ್ರಮಿಸಿ, ಕಾಯಿ ಜೋತುಬಿಟ್ಟುಕೊಂಡು ನಿಂತಿದ್ದ ಹೀರೆಯನ್ನು ಕಂಡಿರಲಿಲ್ಲ. ಕೋಕೋಪೀಟಿಲ್ಲ, ಎರೆಗೊಬ್ಬರವಿಲ್ಲ, ಮಿತ್ರರ ಉಪದೇಶವಿಲ್ಲ. ಲಿಂಗಸುಗೂರಿನ ಕಡೆಯಿಂದ ಬರುವಾಗ ಸೀರೆಯ ಸೆರಗಿನಲ್ಲಿ ಗಂಟುಕಟ್ಟಿ ತಂದ ಬೀಜವಂತೆ. ನಾನು ಸಂಕೋಚದಿಂದ ಒಂದು ಹೂ ಬೇಕಾಗಿತ್ತೆಂದೆ.

“ಕಾಯಿ ಒಯ್ರಿ ಸಾಹೇಬ್ರ, ಹೂವ ಏನ್ ಮಾಡ್ತೀರಿ?” ಎಂದನು ಆತ.

“ಕಾಯಿ ಬೇಡ, ಹೂವೇ ಬೇಕು. ಗಂಡುಹೂ.”

ಆತನು ಹೆಂಡತಿಯ ಮುಖ ನೋಡಿದನು. ಆಕೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ತಿರಸ್ಕಾರವಿರಲಿಲ್ಲ, ಹೊಲ ಕಾಣದೆ ಕೆಟ್ಟ ಜನರ ಮೇಲಣ ಕನಿಕರವಿದ್ದಿತು. ಬಳಿಕ ಆಕೆ ಬಳ್ಳಿಯ ಬಳಿಗೆ ಹೋಗಿ, ಹತ್ತಾರು ಹೂಗಳನ್ನು ಬಿಟ್ಟು, ಆಗತಾನೆ ಬಿರಿದ ಒಂದನ್ನು ತೊಟ್ಟುಸಹಿತ ಚಿವುಟಿ, “ಇದ ಒಯ್ರಿ, ಹಿಟ್ಟು ಚಲೋ ಐತಿ” ಎಂದು ಕೊಟ್ಟಳು. ಪರಾಗವು ಹೇರಳವಾಗಿದೆಯೆಂದು ತಾತ್ಪರ್ಯ. ಅದನ್ನು ನಾನು ಒಂದು ಉದ್ದನೆಯ ಸ್ಟೀಲ್ ಲೋಟದಲ್ಲಿಟ್ಟು, ಗಾಳಿ ತಾಗದಂತೆ ಅಂಗೈ ಮುಚ್ಚಿ, ಲಿಫ್ಟನ್ನು ಹೊಕ್ಕೆ. ಒಳಗೆ ಕಾರ್ಯದರ್ಶಿಗಳಿದ್ದರು. ಪಿಯುಸಿ ಓದುವ ಐದನೆಯ ಮಹಡಿಯ ಹುಡುಗಿ ಬೆನ್ನಿಗೆ ಪುಸ್ತಕದ ಮೂಟೆ ಹೊತ್ತು ನಿಂತಿದ್ದಳು. ಕಡೆಯ ಕ್ಷಣದಲ್ಲಿ ಬಿರಿಯಾನಿಯ ಚೀಲ ಹಿಡಿದ ಡೆಲಿವರಿ ಹುಡುಗನೊಬ್ಬನು ನುಗ್ಗಿದನು. ಬಾಗಿಲು ಮುಚ್ಚಿತು; ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ, ಎರಡು ಲೋಕಗಳಿಗೂ ಸಲ್ಲದ ತ್ರಿಶಂಕುವಿನ ತಾಣದಲ್ಲಿ, ವಿದ್ಯುತ್ತು ಹೋಯಿತು.

ಜನರೇಟರು ಮೊರೆಯಬೇಕಾದ ಹೊತ್ತು ಕಳೆಯಿತು. ಮೊರೆಯಲಿಲ್ಲ. ಕಾರ್ಯದರ್ಶಿಗಳು ಲಿಫ್ಟಿನ ಫೋನೆತ್ತಿ ಗೇಟಿಗೆ ಮಾತನಾಡಲಾಗಿ, ರಾತ್ರಿಯಿಡೀ ಓಡಿ ಡೀಸೆಲ್ ಮುಗಿದಿದೆಯೆಂದೂ, ಕ್ಯಾನು ಹಿಡಿದು ಬಂಕಿಗೆ ಹೊರಟಿರುವುದಾಗಿಯೂ ಉತ್ತರ ಬಂದಿತು. ಉತ್ತರ ಕೊಟ್ಟವನು ಆಗತಾನೆ ನನಗೆ ವರನನ್ನು ದಯಪಾಲಿಸಿದವನೇ. ಡೆಲಿವರಿ ಹುಡುಗನ ಮೊಬೈಲಿನ ಬೆಳಕು ಗೋಡೆಗೆ ತಾಗಿ, ಅಲ್ಲಿ ಅಂಟಿಸಿದ್ದ ಬೇವಿನ ಹಿಂಡಿಯ ಪ್ರಕಟಣೆಯನ್ನು ಬೆಳಗಿತು. ನಾವು ನಾಲ್ವರೂ ಅದನ್ನು ಮೌನವಾಗಿ ಓದಿದೆವು. ಓದಿ ಮುಗಿದ ಮೇಲೆ ಕಾರ್ಯದರ್ಶಿಗಳ ದೃಷ್ಟಿ ನನ್ನ ಲೋಟದ ಮೇಲೆ ಬಿದ್ದಿತು.

“ಕಾಫೀನಾ?” ಎಂದರು.

“ಅಲ್ಲ ಸಾರ್. ಹೂವು.”

“ಪೂಜೆಗೊ?”

ಹೌದೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಲಗ್ನ ಮೀರುತ್ತಿದ್ದ ಆತಂಕವೊ, ಪ್ರಕಟಣೆಯನ್ನು ಬಲವಂತವಾಗಿ ಓದಬೇಕಾಗಿ ಬಂದ ಕ್ಲೇಶವೊ, ನಾನು ಸತ್ಯವನ್ನು ಹೇಳಿಬಿಟ್ಟೆ: “ಅಲ್ಲ. ಮದುವೆಗೆ.”

ಬಿರಿಯಾನಿಯ ಹುಡುಗನು ಬೆಳಕನ್ನು ಗೋಡೆಯಿಂದ ತೆಗೆದು ನನ್ನ ಮುಖಕ್ಕೆ ಹಿಡಿದನು. ಆ ಬೆಳಕಿನಲ್ಲಿ, ಲೋಟವನ್ನು ಎದೆಗೆ ಅವುಚಿಕೊಂಡು, ನಾನು ಹೀರೆಯ ಲಿಂಗಭೇದವನ್ನು ಕುರಿತು ಒಂದು ಉಪನ್ಯಾಸವನ್ನೇ ಮಾಡಬೇಕಾಯಿತು. ಹರೆಯದ ಹುಡುಗಿಯೊಬ್ಬಳು ಪಕ್ಕದಲ್ಲಿರುವಾಗ ಗಂಡು, ಹೆಣ್ಣು, ಸಂಯೋಗ, ಗರ್ಭ ಮುಂತಾದ ಪದಗಳನ್ನು ಬಳಸದೆ ಪರಾಗಸ್ಪರ್ಶವನ್ನು ವಿವರಿಸುವುದು ಎಂಥ ಕಷ್ಟವೆಂಬುದು ಪ್ರಯತ್ನಿಸಿದವರಿಗೆ ಮಾತ್ರ ವೇದ್ಯ. “ಒಂದು ಬಗೆಯ ಹೂವಿನಿಂದ ಇನ್ನೊಂದು ಬಗೆಯ ಹೂವಿಗೆ ಒಂದು ಬಗೆಯ ಪುಡಿ” ಎಂದು ನಾನು ತೊದಲುತ್ತಿರಲು, ಆ ಹುಡುಗಿಯೇ ಕೈಯೆತ್ತಿ, “ಮೊನೀಷಿಯಸ್, ಅಂಕಲ್! ಮೇಲ್ ಫ್ಲವರ್, ಫೀಮೇಲ್ ಫ್ಲವರ್ ಒಂದೇ ಗಿಡದಲ್ಲಿ. ಕುಕರ್ಬಿಟ್ಸು, ತೆಂಗು ಎಗ್ಸಾಂಪಲ್. ನೀಟ್‌ಗೆ ಪಕ್ಕಾ ಬರುತ್ತೆ” ಎಂದು ಒಂದೇ ಉಸಿರಿನಲ್ಲಿ ಹೇಳಿ, ಲೋಟದೊಳಗೆ ಇಣುಕಿ, ಪುಸ್ತಕದ ಚಿತ್ರದಲ್ಲಿದ್ದುದು ನಿಜವಾಗಿಯೂ ಇದೆಯೆಂದು ತಿಳಿದು ವಿಸ್ಮಿತಳಾದಳು.

ಕಾರ್ಯದರ್ಶಿಗಳಿಗೆ ಸಮಾಧಾನವಾಗಲಿಲ್ಲ. “ಅದಕ್ಕೆ ಮನುಷ್ಯರು ಯಾಕೆ ಬೇಕು? ಪ್ರಕೃತಿಯೇ ಮಾಡಿಕೊಳ್ಳುತ್ತಲ್ಲ?”

“ಹತ್ತನೆಯ ಮಹಡಿಯಲ್ಲಿದ್ದ ಪ್ರಕೃತಿಗೆ ಔಷಧ ಹೊಡೆಸಿದಿರಲ್ಲ ಸಾರ್. ಅದರ ಕೆಲಸವನ್ನೇ ಈಗ ನಾನು ಮಾಡುತ್ತಿರುವುದು.”

ಹಾಸ್ಯಕ್ಕೆಂದು ಹೊರಟ ಮಾತು ಹೊರಬರುವಾಗ ಹಾಸ್ಯವಾಗಿ ಉಳಿದಿರಲಿಲ್ಲ. ಅವರು ಉತ್ತರ ಕೊಡಲಿಲ್ಲ; ಬಹಳ ಹೊತ್ತಿನ ಮೇಲೆ, “ನಮ್ಮ ಮೊಮ್ಮಗನಿಗೆ ಹಿಂದಿನ ವರ್ಷ ಕಚ್ಚಿತ್ತು ಕಣ್ರೀ, ಮುಖವೆಲ್ಲ ಊದಿಕೊಂಡು ಎರಡು ದಿನ ಆಸ್ಪತ್ರೆಯಲ್ಲಿದ್ದ” ಎಂದರು, ತಗ್ಗಿದ ದನಿಯಲ್ಲಿ. ಅದಕ್ಕೆ ನನ್ನಲ್ಲಿಯೂ ಉತ್ತರವಿರಲಿಲ್ಲ. ನಾಲ್ವರ ಉಸಿರೂ ಬಿರಿಯಾನಿಯ ಪರಿಮಳವೂ ಸೇರಿ ಆ ಕಬ್ಬಿಣದ ಪೆಟ್ಟಿಗೆ ಬೆವರತೊಡಗಿತು. ಹೂವಿಗೆ ಸೆಕೆಯಾದೀತೆಂದು ನಾನು ಲೋಟದ ಬಾಯಿಯಿಂದ ಅಂಗೈ ತೆಗೆದೆ. ಆಗ ನಡೆದುದನ್ನು ಇಂದಿಗೂ ನೆನೆಯುತ್ತೇನೆ: ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಆ ಹೂವನ್ನು ದಿಟ್ಟಿಸಿ, ಕೈಯಲ್ಲಿದ್ದ ಕಾಗದಗಳನ್ನು ಮಡಿಸಿ, ಅದಕ್ಕೆ ಮೆಲ್ಲಗೆ ಗಾಳಿ ಹಾಕಲು ಆರಂಭಿಸಿದರು. ಆ ಕಾಗದಗಳು ಅಂಟಿಸಬೇಕಾಗಿದ್ದ ಮುಂದಿನ ಪ್ರಕಟಣೆಯ ಪ್ರತಿಗಳೆಂದೂ, ವಿಷಯವು ‘ಬಾಲ್ಕನಿಗಳಲ್ಲಿ ಬಳ್ಳಿ ಹಬ್ಬಿಸುವುದರ ನಿಷೇಧ’ವೆಂದೂ ಡೆಲಿವರಿ ಹುಡುಗನ ಬೆಳಕಿನಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದಿತು.

ಡೀಸೆಲ್ ಬಂದಿತು. ಲಿಫ್ಟು ಐದರಲ್ಲಿ ನಿಂತಾಗ ಹುಡುಗಿ ಇಳಿಯಲಿಲ್ಲ, ಪ್ರಾಕ್ಟಿಕಲ್ ನೋಡಬೇಕೆಂದಳು. ಆರರಲ್ಲಿ ಇಳಿಯಬೇಕಾಗಿದ್ದ ಬಿರಿಯಾನಿಯೂ ಇಳಿಯಲಿಲ್ಲ. ಏಳರಲ್ಲಿ ಬಾಗಿಲು ತೆರೆದು ದಿಬ್ಬಣವೇ ಮನೆಯೊಳಕ್ಕೆ ಬಂದುದನ್ನು ಕಂಡು ನನ್ನ ಹೆಂಡತಿಯು ಹಾಲಿಗೆ ಸಕ್ಕರೆ ಹಾಕಲು ಓಡಿದಳು. ನಾನು ಗಂಡುಹೂವಿನ ಎಸಳುಗಳನ್ನು ಹಿಂದಕ್ಕೆ ಮಡಿಸಿ, ಕೇಸರಗಳನ್ನು ಹೆಣ್ಣುಹೂವಿನ ಶಲಾಕಾಗ್ರಕ್ಕೆ ಮೃದುವಾಗಿ ಸವರಿ, ಗುರುತಿಗೆಂದು ತೊಟ್ಟಿಗೆ ಒಂದು ಎಳೆ ದಾರ ಕಟ್ಟಿದೆ. ದಾರವನ್ನು ಕಟ್ಟುವುದು ತಳಿವಿಜ್ಞಾನಿಗಳ ಕ್ರಮ. ಗಂಟು ಎಷ್ಟು ಹಾಕಿದೆನೆಂದು ಕಾರ್ಯದರ್ಶಿಗಳು ಎಣಿಸುತ್ತಿದ್ದುದರಿಂದ ಮೂರು ಹಾಕಿದೆ.

ಕಾಯಿ ನಿಂತಿತು. ಬೆರಳಿದ್ದುದು ಗೇಣಾಯಿತು, ಗೇಣು ಮೊಳವಾಗುವ ಲಕ್ಷಣ ತೋರಿತು. ಇದರ ಸಿಪ್ಪೆಯಿಂದ ಚಟ್ನಿ, ತಿರುಳಿನಿಂದ ಬೋಂಡ ಎಂದು ಮನೆಯಲ್ಲಿ ವಿಂಗಡಣೆಯೂ ಆಗಿಹೋಗಿದ್ದಿತು. ಒಂದು ಭಾನುವಾರ ನಾನು ಉಳವಿಗೆ ಫೋನು ಮಾಡಿ, ಸ್ವಲ್ಪ ಗರ್ವದಿಂದಲೇ, ನಾಳೆ ಕೊಯ್ಯುವೆನೆಂದು ತಿಳಿಸಿದೆ.

“ಕೊಯ್ಬೇಡ ಮಾರಾಯ” ಎಂದರು ಅಮ್ಮ. “ಬಲೀಲಿ. ಬೀಜಕ್ಕೆ ಬಿಡು. ಇಲ್ಲಿ ಒಂದು ಕಾಳೂ ಇಲ್ಲ. ಇದ್ದಿದ್ನೆಲ್ಲ ನಿಂಗೇ ಕಳಿಸಿದ್ದು.”

ನಿಜಾಂಶ ಹೊರಬಿದ್ದುದು ಆಗ. ಹಿತ್ತಿಲಿನಲ್ಲಿ ತರಕಾರಿ ಮಾಡುವುದನ್ನು ಬಿಟ್ಟು ಕೆಲವು ಕಾಲವಾಯಿತಂತೆ. ನಾನು ಊರಿಗೆ ಹೋದಾಗ ಉಣ್ಣುತ್ತಿದ್ದುದೆಲ್ಲ ಸೊರಬದ ಪೇಟೆಯಿಂದ ವ್ಯಾನಿನಲ್ಲಿ ಬಂದದ್ದಂತೆ. ಮಂಗಗಳು ಒಂದು ಹೀಚನ್ನೂ ಬಿಡುವುದಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಲೆಕ್ಕಕ್ಕೆ ಹಿಡಿದಿದ್ದರು. ಹಣ್ಣುಹಂಪಲಿನ ಆ ಕಾನುಗಳು ಸವೆದು, ಎಷ್ಟೋ ಕಡೆ ನೀಲಗಿರಿ ಅಕೇಶಿಯಾಗಳ ನೆಡುತೋಪುಗಳು ನಿಂತ ಮೇಲೆ ಮಂಗಗಳು ಹಿತ್ತಿಲಿಗೆ ಬಾರದೆ ಎಲ್ಲಿಗೆ ಹೋದಾವು? ಅಟ್ಟುವುದಕ್ಕೂ ನಮ್ಮ ಕಡೆ ಒಂದು ಅಂಜಿಕೆಯುಂಟು. ಪ್ರಪಂಚದ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ನಮ್ಮ ತಾಲ್ಲೂಕಿನ ಊರೊಂದರ ಹೆಸರು ಸ್ಥಿರವಾಗಿ ನಿಂತಿರುವುದು 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಉಣುಗಿನ ಮೂಲಕ ಆ ಜ್ವರ ಮನುಷ್ಯರಿಗೆ ತಗುಲಿ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದನ್ನು ಗುರುತಿಸಿದ ಕಾರಣದಿಂದ. ಈಗಲೂ ಬೇಸಗೆಯಲ್ಲಿ ಎಲ್ಲಿಯಾದರೂ ಮಂಗ ಸತ್ತಿತೆಂದರೆ ದರಕು ತರಲು ಕಾಡಿಗೆ ಹೋಗುವವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ಮಂಗ ಬದುಕಿದ್ದರೆ ಬದನೆಕಾಯಿ ಹೋಗುತ್ತದೆ. ಸತ್ತರೆ ಊರಿಗೆ ಊರೇ ನಡುಗುತ್ತದೆ. ಇದನ್ನೆಲ್ಲ ಅಮ್ಮ ದೂರಿನಂತೆ ಹೇಳಲಿಲ್ಲ. ಹೇಳಿದರೆ ನಾನು ಏನು ಮಾಡಬಲ್ಲವನಾಗಿದ್ದೆ? ಉಳಿದ ಬೀಜವನ್ನು ಪೊಟ್ಟಣ ಕಟ್ಟಿ, ಮಂಗನು ಏರಲಾರದಷ್ಟು ಎತ್ತರದಲ್ಲಿ ಮನೆ ಮಾಡಿದ ಮಗನಿಗೆ ಕಳುಹಿಸಿದ್ದರು.

ಆದುದರಿಂದ ಕಾಯನ್ನು ಬಳ್ಳಿಯಲ್ಲೇ ಬಿಟ್ಟೆ. ವಾಚ್‌ಮನ್ನನ ಹೆಂಡತಿಗೆ ಈ ಸಂಗತಿ ತಿಳಿದು, ಗಂಡಿನ ಕಡೆಯವರ ಔದಾರ್ಯದಿಂದ ಆಕೆ ತಮ್ಮ ಡಬ್ಬಿಯ ಬಳ್ಳಿಯ ಕಾಯಿಗಳನ್ನು ಕಳುಹಿಸಿಕೊಟ್ಟಳು. ಚಟ್ನಿಯೂ ಬೋಂಡವೂ ಅದರಿಂದಲೇ ಆದುವು. ಇತ್ತ ನಮ್ಮ ಕಾಯಿ ಬಲಿತು, ನಾರಾಗಿ, ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನತೊಡಗಿತು. ಒಳಗಿರುವ ಬೀಜಗಳ ತಾಯಿ ಉಳವಿ, ತಂದೆ ಲಿಂಗಸುಗೂರು. ಮಲೆನಾಡಿನ ಮಳೆಯಲ್ಲಿ ಈ ಸಂತಾನವು ಯಾರನ್ನು ಹೋಲುವುದೊ ಕಾಣೆ. ಅಮ್ಮನಿಗೆ ಕುಲಗೋತ್ರವನ್ನು ವಿವರಿಸಿದಾಗ ಅವರು, “ಬಿಸ್ಲು ತಡೀತದೆ ಬಿಡು” ಎಂದಷ್ಟೇ ಹೇಳಿದರು.

ಮುಂದಿನ ಭರಣಿ ಮಳೆಯ ಹೊತ್ತಿಗೆ ಬೀಜ ಊರು ಸೇರಬೇಕು. ಅದುವರೆಗೆ ಹೊಗೆಯಲ್ಲಿರಬೇಕೆಂದು ಅಪ್ಪಣೆಯಾದುದರಿಂದ, ಒಲೆಯಿಲ್ಲದ ನಮ್ಮ ಅಡುಗೆಮನೆಯಲ್ಲಿ ಗ್ಯಾಸಿನ ಮೇಲಣ ವಿದ್ಯುತ್ ಚಿಮಣಿಗೆ ಅದನ್ನು ದಾರದಿಂದ ತೂಗುಹಾಕಿದ್ದೇನೆ. ಮೊನ್ನೆ ನಿರ್ವಹಣಾ ಶುಲ್ಕದ ರಸೀದಿ ಕೊಡಲು ಬಂದ ಕಾರ್ಯದರ್ಶಿಗಳು ಅದನ್ನು ಬಹಳ ಹೊತ್ತು ನೋಡಿ, “ವಾಸ್ತುವಿಗೊ?” ಎಂದರು. ಲಿಫ್ಟಿನಲ್ಲಿ ಸತ್ಯ ಹೇಳಿ ಪಟ್ಟ ಪಾಡು ನೆನಪಿದ್ದುದರಿಂದ ಈ ಬಾರಿ ಹೌದೆಂದೆ. ಯಾವ ದಿಕ್ಕಿಗೆ ಕಟ್ಟಬೇಕೆಂದು ಕೇಳಿದರು. ಬೆಂಗಳೂರಿನಿಂದ ಸೊರಬ ಯಾವ ಕಡೆಗಿದೆಯೆಂದು ಮನಸ್ಸಿನಲ್ಲಿಯೇ ನಿಶ್ಚಯಿಸಿ, “ವಾಯವ್ಯ” ಎಂದೆ. ಅವರು ತಲೆದೂಗಿ, ತಮ್ಮ ಮನೆಯ ವಾಯವ್ಯದಲ್ಲಿ ಪಾಯಖಾನೆಯಿದೆಯೆಂದೂ, ಅಲ್ಲಿ ಕಟ್ಟಿದರೆ ದೋಷವಿಲ್ಲವೆ ಎಂದೂ ವಿಚಾರಿಸಿದರು.